ಗೋಧಿಯ ದಾಯಾದಿ

ಅಮೆರಿಕದ ಪಶ್ಚಿಮ ರಾಜ್ಯಗಳ ಗೋಧಿ ಹೊಲಗಳನ್ನು ಕಾಡುವ ಒಂದು ಹುಲ್ಲಿದೆ: ಏಜಿಲಾಪ್ಸ್ ಸಿಲಿಂಡ್ರಿಕಾ. ಪಶ್ಚಿಮ ಏಷ್ಯಾ, ಪೂರ್ವ ಯುರೋಪಿನ ಈ ಕಾಡುಹುಲ್ಲು ಅಲ್ಲಿಗೆ ಹೋದದ್ದು ಬಿತ್ತನೆ ಗೋಧಿಯ ಜೊತೆಗೇ. ತೆನೆ ಬರುವ ತನಕ ಇದು ಹುಲ್ಲೋ ಗೋಧಿಯೋ ಹೇಳುವುದು ಕಷ್ಟ. ಮಾಗಿದ ತೆನೆ ಗೆಣ್ಣುಗೆಣ್ಣಾಗಿ ಮುರಿದು ಉದುರುತ್ತದೆ. ಆ ತುಂಡುಗಳು ಹೆಚ್ಚುಕಡಿಮೆ ಗೋಧಿ ಕಾಳಿನ ಗಾತ್ರದವೇ ಆದ್ದರಿಂದ ಜರಡಿ ಹಿಡಿದರೂ ಪೂರ್ತಿ ಹೋಗುವುದಿಲ್ಲ.

ಔಷಧಿ ಹೊಡೆಯೋಣವೆಂದರೆ, ಅದನ್ನು ಕೊಲ್ಲುವುದು ಸಾಮಾನ್ಯವಾಗಿ ಗೋಧಿಯನ್ನೂ ಕೊಲ್ಲುತ್ತದೆ. ಇಬ್ಬರದೂ ಅಷ್ಟು ಹತ್ತಿರದ ನಂಟು. ಸಾವಿರಾರು ವರ್ಷಗಳ ಹಿಂದೆ ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನಲ್ಲಿ 28 ಕ್ರೋಮೋಸೋಮುಗಳ ಗೋಧಿಯೊಂದು, ಏಜಿಲಾಪ್ಸ್ ಕುಲದ್ದೇ ಆದ 14 ಕ್ರೋಮೋಸೋಮುಗಳ ಹುಲ್ಲಿನೊಂದಿಗೆ ಬೆರೆತು 42ರ ಗೋಧಿ ಹುಟ್ಟಿತು. ಇವತ್ತಿನ ಚಪಾತಿ, ಬ್ರೆಡ್ಡು ಹೆಚ್ಚಾಗಿ ಅದರದ್ದೇ. ಉತ್ತರ ಕರ್ನಾಟಕದ ಜವೆ ಗೋಧಿ, ಅಂದರೆ ಮಹಾರಾಷ್ಟ್ರದ ಖಪ್ಲಿ, ಇಂದಿಗೂ 28ರಲ್ಲೇ ನಿಂತಿದೆ.

ಆ ಪುರಾತನ ಹುಲ್ಲಿನ ಪಾಲು ಅಮೆರಿಕದ ಈ ಕಳೆಯಲ್ಲೂ ಇದೆ. ಹಾಗಾಗಿ ಒಂದೇ ಹೊಲದಲ್ಲಿ ಬೆಳೆದಾಗ ಗೋಧಿ, ಕಳೆ ಎರಡೂ ಆಗೀಗ ಬೆರೆಯುತ್ತವೆ. ಕಳೆನಾಶಕವನ್ನು ತಾಳಿಕೊಳ್ಳುವ ಗೋಧಿ ತಳಿ ಬಂದ ಮೇಲೆ, ಅದೇ ಗುಣ ಹೊತ್ತ ಬೆರಕೆ ಗಿಡಗಳು ಆರೆಗನ್ ರಾಜ್ಯದ ಹೊಲಗಳಲ್ಲಿ ಸಿಕ್ಕವು.

ಒಂದೇ ಮನೆತನ, ಒಂದೇ ಹೊಲದ ಮೇಲೆ ಇಬ್ಬರ ಕಣ್ಣು. ಇಂಥ ಸಂಬಂಧಕ್ಕೆ ಕನ್ನಡದಲ್ಲಿ 'ದಾಯಾದಿ' ಎನ್ನುತ್ತಾರೆ. ದಾಯಾದಿಯನ್ನು ಪೂರ್ತಿ ದೂರ ಮಾಡುವಂತೆಯೂ ಇಲ್ಲ. ಗೋಧಿಗೆ ತುಕ್ಕು ರೋಗ ತಡೆಯುವ ಶಕ್ತಿ ಬೇಕಾದಾಗ ತಳಿವಿಜ್ಞಾನಿಗಳು ಹುಡುಕಿಕೊಂಡು ಹೋಗಿರುವುದು ಇದೇ ಕುಲದ ಹುಲ್ಲುಗಳನ್ನು. ಹೊಲದಲ್ಲಿ ರೈತ ಮಾಡಬಹುದಾದದ್ದು ಹಳೆಯ ಉಪಾಯ: ಮಣ್ಣಿನಲ್ಲಿ ಬಿದ್ದ ಕಳೆಯ ಬೀಜ ಸಾಯುವ ತನಕ, ಕೆಲವು ವರ್ಷ ಅಲ್ಲಿ ಬೇರೆ ಬೆಳೆ ಹಾಕುವುದು.