ಒಪ್ಪಿಗೆ ಪತ್ರ ಮತ್ತು ಒಪ್ಪಿಸಿದ ಮಕ್ಕಳು

ಬೇಸಿಗೆ ರಜೆ ಬಂತೆಂದರೆ ನಮ್ಮ ಕರಾವಳಿಯ ಮೊಹಲ್ಲಾಗಳಲ್ಲಿ ಮಕ್ಕಳ ಶಿಬಿರಗಳ ಸುಗ್ಗಿ. ಈ ಬಾರಿ ನಾವು ಸಲಹೆಗಾರರಾಗಿರುವ ಬಾಲಕರ ಸಂಘಟನೆಯ ಘಟಕಕ್ಕೆ ಮೇಲಿನ ಸಮಿತಿಯಿಂದ ನಾಲ್ಕು ಪುಟಗಳ ಒಪ್ಪಿಗೆ ಪತ್ರವೊಂದು ಬಂದಿದೆ. ನೇತ್ರಾವತಿಯ ದಡದಲ್ಲಿ ನಡೆಯುವ ಮೂರು ದಿನಗಳ ಶಿಬಿರಕ್ಕೆ ಬರುವ ಪ್ರತಿಯೊಬ್ಬ ಬಾಲಕನ ಪೋಷಕರೂ ಅದನ್ನು ತುಂಬಿ, ಪುಟಪುಟಕ್ಕೂ ಸಹಿ ಹಾಕಿ ಕೊಡಬೇಕು. ಇಲ್ಲವಾದರೆ ಬಸ್ಸಿನಲ್ಲಿ ಜಾಗವಿಲ್ಲ. ಹಿಂದೆಲ್ಲ ಜುಮಾ ನಮಾಝಿನ ಬಳಿಕ ಒಂದು ಘೋಷಣೆ ಸಾಕಿತ್ತು. ತಂದೆ ಮಗನ ಕೈ ಹಿಡಿದು ತಂದು, "ಇವನನ್ನು ನೋಡಿಕೊಳ್ಳಿ ಉಸ್ತಾದ್" ಎಂದು ಬಿಟ್ಟುಹೋಗುತ್ತಿದ್ದರು.

ಪತ್ರ ಹಿಡಿದು ಮನೆಮನೆ ತಿರುಗುವ ಕೆಲಸ ಕಾರ್ಯಕರ್ತರದು. ಹಗಲು ಮೊಬೈಲ್ ಅಂಗಡಿಯಲ್ಲಿ ದುಡಿಯುವವರು, ಆಟೋ ಓಡಿಸುವವರು, ಕಾಲೇಜಿನ ಹುಡುಗರು. ಇಶಾ ನಮಾಝಿನ ನಂತರವೇ ಅವರಿಗೆ ಬಿಡುವು. ಆ ಹೊತ್ತಿನಲ್ಲಿ ಕದ ತಟ್ಟಿದರೆ ಮನೆಯಲ್ಲಿ ತಾಯಿ, ಅಜ್ಜಿ, ಮಕ್ಕಳು. ತಂದೆ ದಮ್ಮಾಮಿನಲ್ಲೋ ದುಬೈಯಲ್ಲೋ. ಪತ್ರ ಇಂಗ್ಲಿಷಿನಲ್ಲಿದೆ, ತಾಯಿ ಬ್ಯಾರಿ ಮಾತನಾಡಿ ಕನ್ನಡ ಓದುವವರು. ಸಹಿ ಮಾತ್ರ ತಂದೆಯದೇ ಬೇಕಂತೆ. ವಾಟ್ಸಾಪಿನಲ್ಲಿ ಗಲ್ಫಿಗೆ ಕಳುಹಿಸಿ, ಅಲ್ಲಿ ಅವರು ಮುದ್ರಿಸಿ ಸಹಿ ಹಾಕಿ ಮರಳಿ ಕಳುಹಿಸಿದರೆ, ಮೂಲ ಪ್ರತಿಯಲ್ಲವೆಂದು ಸಮಿತಿ ಹಿಂದಿರುಗಿಸುತ್ತದೆ. ಸಂಬಳವಿಲ್ಲದ, ಪೆಟ್ರೋಲಿನ ದುಡ್ಡೂ ಸಿಗದ ಈ ಕೆಲಸದಲ್ಲಿ ಒಂದೇ ಮನೆಗೆ ನಾಲ್ಕು ಸಲ ಹೋದವನು ಗೊಣಗದೆ ಇನ್ನೇನು ಮಾಡಿಯಾನು?

ಆದರೆ ಅವರ ನಿಜವಾದ ನೋವು ತಿರುಗಾಟದ್ದಲ್ಲ. "ಹತ್ತು ವರ್ಷದಿಂದ ಇದೇ ಮಕ್ಕಳ ಜೊತೆ ಇದ್ದೇವೆ. ಈಗ ನಮ್ಮನ್ನು ನಂಬುವುದಿಲ್ಲವೇ ಉಸ್ತಾದರೇ?" ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ನಮಗೆ ಸೂರಃ ಯೂಸುಫ್ ನೆನಪಾಯಿತು. ಯೂಸುಫ್(ಅ)ರನ್ನು ಆಟಕ್ಕೆಂದು ಕರೆದೊಯ್ಯಲು ಬಂದ ಅಣ್ಣಂದಿರು ತಂದೆ ಯಾಕೂಬ್(ಅ)ರಿಗೆ ಹಾಕಿದ್ದು ಇದೇ ಪ್ರಶ್ನೆ. ತಂದೆ ತಮ್ಮ ಭಯವನ್ನು ಮುಚ್ಚಿಡಲಿಲ್ಲ. ತೋಳದ ಹೆಸರು ಹೇಳಿಯೇ ಕಳುಹಿಸಿಕೊಟ್ಟರು. ವರ್ಷಗಳ ನಂತರ ಕಿರಿಯ ಮಗನನ್ನು ಈಜಿಪ್ಟಿಗೆ ಕಳುಹಿಸುವಾಗ ಅವರು ಬರಿಯ ಮಾತಿಗೆ ಒಪ್ಪಲಿಲ್ಲ. ಅಲ್ಲಾಹನ ಹೆಸರಿನಲ್ಲಿ ದೃಢವಾದ ಕರಾರು ಪಡೆದರು. ಅದರಲ್ಲೂ, ಎಲ್ಲರೂ ಸುತ್ತುವರಿಯಲ್ಪಟ್ಟು ಕೈಮೀರಿದರೆ ಮಾತ್ರ ವಿನಾಯಿತಿ ಎಂಬ ಷರತ್ತನ್ನೂ ಸೇರಿಸಿದ್ದರು. ನಮ್ಮ ಹುಡುಗರು ಆ ಅಣ್ಣಂದಿರಂತಲ್ಲ, ಅದು ನಮಗೆ ಗೊತ್ತು. ಆದರೆ ಮಗುವನ್ನು ಕಳುಹಿಸುವ ತಂದೆಗೆ ಯಾರು ಯಾರಂತೆ ಎಂದು ಹೇಗೆ ತಿಳಿಯಬೇಕು? ಕರಾರು ಕೇಳಿದ ಯಾಕೂಬರನ್ನು ಕುರ್‌ಆನ್ ಎಲ್ಲಿಯೂ ಆಕ್ಷೇಪಿಸಿಲ್ಲ.

ಹದಿನೇಳರ ಹುಡುಗರದು ಬೇರೆಯೇ ತಕರಾರು: ಮೀಸೆ ಬಂದವರಿಗೂ ಮನೆಯ ಅನುಮತಿಯೇ ಎಂದು. ಇಬ್ನು ಉಮರ್(ರ) ಹದಿನಾಲ್ಕರಲ್ಲಿ ಉಹುದ್ ಯುದ್ಧಕ್ಕೆ ಮುಂದೆ ಬಂದಾಗ ಪ್ರವಾದಿ(ಸ) ಹಿಂದೆ ಕಳುಹಿಸಿದರು, ಖಂದಕ್‌ನ ಸಮಯಕ್ಕೆ ಹದಿನೈದಾದಾಗ ಅನುಮತಿಸಿದರು ಎಂದು ನಾವು ಹೇಳಿದೆವು. "ಹಾಗಾದರೆ ಹದಿನೈದೇ ಸಾಕಲ್ಲ ಉಸ್ತಾದ್" ಎಂದು ತಕ್ಷಣ ಉತ್ತರ ಬಂತು. ಮದ್ರಸಾದಲ್ಲಿ ಚೆನ್ನಾಗಿ ಕಲಿತಿದ್ದಾರೆ! ದೇಶದ ಕಾನೂನಿಗೆ ಹದಿನೆಂಟೇ ಗಡಿ ಎಂದು ಹೇಳಿ ಮಾತು ಮುಗಿಸಬೇಕಾಯಿತು.

ಇಷ್ಟಾಗಿಯೂ ಪತ್ರ ಬಂದ ರೂಪವನ್ನು ನಾವು ಸಮರ್ಥಿಸಲಾರೆವು. ಬರೆದಿಡುವ ವಿಷಯದಲ್ಲಿ ನಮಗೆ ಅಲ್‌ಬಕರದ ಸಾಲದ ಆಯತ್ ಇದೆ. ಕುರ್‌ಆನಿನ ಅತಿ ದೀರ್ಘ ಆಯತ್ ಅದು. ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂಬುದು ಅದರ ಆದೇಶ. ಹೇಳಿ ಬರೆಸಬೇಕಾದವನು ಯಾರು? ಯಾರ ಮೇಲೆ ಹೊಣೆಯಿದೆಯೋ ಅವನು. ನಮ್ಮ ಪತ್ರದಲ್ಲಿ ಇದು ತಲೆಕೆಳಗಾಗಿದೆ. ಮಗುವಿನ ಹೊಣೆ ಹೊರುವುದು ಸಂಘಟನೆ. ಆದರೆ ನಾಲ್ಕು ಪುಟಗಳಲ್ಲಿ ಸಂಘಟನೆ ತನ್ನ ಹೊಣೆಯೆಂದು ಬರೆಸಿದ್ದು ಒಂದು ಸಾಲೂ ಇಲ್ಲ. ಏನೇ ಅವಘಡವಾದರೂ ಸಂಘಟಕರು ಜವಾಬ್ದಾರರಲ್ಲ ಎಂಬ ಸಾಲು ಮಾತ್ರ ದಪ್ಪಕ್ಷರದಲ್ಲಿದೆ. ಅಮಾನತ್ ಇಟ್ಟುಕೊಂಡವನು ತನ್ನ ತಪ್ಪಿಲ್ಲದೆ ವಸ್ತು ಹಾಳಾದರೆ ಹೊಣೆಗಾರನಲ್ಲ, ನಿರ್ಲಕ್ಷ್ಯದಿಂದ ಹಾಳಾದರೆ ಹೊಣೆಗಾರ ಎಂಬುದು ಫಿಕ್ಹ್‌ನ ಆರಂಭದ ವಿದ್ಯಾರ್ಥಿಗೂ ತಿಳಿದ ಪಾಠ. ಒಡವೆಗೆ ಇರುವ ಈ ನಿಯಮ ಮಗುವಿಗೆ ಬೇಡವೇ?

ಕಳೆದ ವಾರ ಅತಿ ಹೆಚ್ಚು ಗೊಣಗುತ್ತಿದ್ದ ಕಾರ್ಯಕರ್ತನ ಜೊತೆ ನಾವೂ ಒಂದು ಮನೆಗೆ ಹೋದೆವು. ಆತ ಪತ್ರದ ಒಂದೊಂದೇ ಸಾಲನ್ನು ಬ್ಯಾರಿಯಲ್ಲಿ ಹೇಳುತ್ತಾ ಬಂದ. ಕಾಯಿಲೆಯ ಕಾಲಮ್ಮಿಗೆ ಬಂದಾಗ ಬಾಗಿಲ ಮರೆಯಲ್ಲಿದ್ದ ತಾಯಿ ಸುಮ್ಮನಾದರು. ಆಮೇಲೆ ಸಣ್ಣ ದನಿಯಲ್ಲಿ, ಮಗನಿಗೆ ಎರಡು ಸಲ ಫಿಟ್ಸ್ ಬಂದಿದೆ, ಮಾತ್ರೆ ನಡೆಯುತ್ತಿದೆ ಎಂದರು. ನಮ್ಮ ಶಿಬಿರದಲ್ಲಿ ಬೆಳಗ್ಗಿನ ಹೊಳೆ ಸ್ನಾನವಿದೆ. ಆ ಹುಡುಗ ಕಳೆದ ವರ್ಷವೂ ಬಂದಿದ್ದ, ಕೊರಳುದ್ದ ನೀರಿನಲ್ಲಿ ಆಡಿದ್ದ. ಆಗ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕಾರ್ಯಕರ್ತ ಪೆನ್ನು ತೆರೆದ. "ಮೋನೇ, ಅದನ್ನು ಬರೆಯಬೇಡ" ಎಂದರು ತಾಯಿ. "ದೊಡ್ಡವಳಿಗೆ ಸಂಬಂಧ ನೋಡುತ್ತಿದ್ದೇವೆ. ಊರಿಗೆ ಗೊತ್ತಾದರೆ?"

ಅವರ ಭಯ ಸುಳ್ಳಲ್ಲ. ತುಂಬಿದ ಪತ್ರಗಳ ಫೋಟೋ ತೆಗೆದು ಕಾರ್ಯಕರ್ತರ ಗುಂಪಿಗೆ ಹಾಕುವುದು ರೂಢಿಯಾಗಿಬಿಟ್ಟಿದೆ. ಮೂಲ ಪ್ರತಿಗಳು ಬೀಗವಿಲ್ಲದ ಕಪಾಟಿನಲ್ಲಿ ದಫ್ ಮತ್ತು ಬ್ಯಾನರುಗಳ ನಡುವೆ ಬಿದ್ದಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಸಮಿತಿ ಆ ಕಾಯ್ದೆಗೆ ಹೆದರಿಯೇ ಪತ್ರ ಅಚ್ಚು ಹಾಕಿಸಿತಂತೆ. ಪಡೆದ ಮಾಹಿತಿಯನ್ನು ಕಾಯುವುದೂ ಅದೇ ಕಾಯ್ದೆಯ ಮಾತು ಎಂಬುದನ್ನು ಸುತ್ತೋಲೆಯಲ್ಲಿ ಯಾರೂ ಬರೆದಿಲ್ಲ. ಇನ್ನೊಬ್ಬನ ಮರೆಯನ್ನು ಕಾಪಾಡಬೇಕೆಂದು ನಾವು ಮಿಂಬರಿನಿಂದ ಹೇಳುತ್ತಲೇ ಇರುತ್ತೇವೆ.

ಮರುದಿನ ಘಟಕದ ಸಭೆಯಲ್ಲಿ ನಾವು ಕೇಳಿಕೊಂಡದ್ದು ಇಷ್ಟು: ಪತ್ರ ಕನ್ನಡದಲ್ಲಿ ಒಂದೇ ಹಾಳೆಯದಿರಲಿ. ಮೇಲರ್ಧದಲ್ಲಿ ನಮ್ಮ ಹೊಣೆ ಏನೆಂದು ನಾವೇ ಬರೆದು ಸಹಿ ಹಾಕೋಣ. ಕಾಯಿಲೆಯ ವಿವರ ಮುಚ್ಚಿದ ಲಕೋಟೆಯಲ್ಲಿ ಶಿಬಿರದ ಮುಖ್ಯಸ್ಥರ ಬಳಿ ಮಾತ್ರ ಇದ್ದು, ಶಿಬಿರ ಮುಗಿದಂದೇ ತಾಯಿಯ ಕೈಗೆ ಮರಳಲಿ. ತಾಯಿಯ ಸಹಿ ನಡೆಯಲಿ. ಎಳೆಯ ಮಗುವನ್ನು ಸಾಕುವ ಹಕ್ಕಿನಲ್ಲಿ ಶರೀಅತ್ ತಾಯಿಯನ್ನೇ ಮುಂದಿಟ್ಟಿರುವಾಗ, ಮಗನನ್ನು ಮೂರು ದಿನ ಕಳುಹಿಸಲು ಆಕೆಯ ಹೆಬ್ಬೆಟ್ಟು ಸಾಲದೆನ್ನುವುದು ಯಾವ ನ್ಯಾಯ? ಅದರ ಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು. ಒಬ್ಬ ಕಾರ್ಯಕರ್ತ ಕೆಲಸ ಬಿಡುವುದಾಗಿ ಹೇಳಿ ಎದ್ದುಹೋದ. ತಾಯಿಯ ಸಹಿಯ ವಿಚಾರವನ್ನು ಮೇಲಿನ ಸಮಿತಿಗೆ ಬರೆದಿದ್ದೇವೆ, ಉತ್ತರ ಬಂದಿಲ್ಲ. ಉಳಿದದ್ದಕ್ಕೆ ಘಟಕ ಒಪ್ಪಿದೆ. ಲಕೋಟೆಗಳನ್ನು ಆ ಗೊಣಗುವ ಹುಡುಗನೇ ತಂದಿದ್ದಾನೆ.

ಶಿಬಿರಕ್ಕೆ ಇನ್ನು ಹನ್ನೆರಡು ದಿನ. ಆ ಮನೆಯ ಪತ್ರ ಇನ್ನೂ ಬಂದಿಲ್ಲ. ನಾಳೆ ಇಶಾ ಬಳಿಕ ಲಕೋಟೆ ಹಿಡಿದು ಮತ್ತೆ ಹೋಗುತ್ತಿದ್ದೇವೆ.