ಕೆರೆ ಮೀನಿನ ಊರಿನಿಂದ

ಮಳವಳ್ಳಿ ಸೀಮೆಯವರಾದ ನಮಗೆ ಸಮುದ್ರವೆಂದರೆ ಭೂಗೋಳದ ಪುಸ್ತಕದಲ್ಲಿ ನೀಲಿ ಬಣ್ಣ ಬಳಿದ ಜಾಗ. ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವನು ನಾನು. ಎರಡೂ ಕಡೆಯ ಮೇಷ್ಟ್ರುಗಳು ಅರಬ್ಬೀ ಸಮುದ್ರವನ್ನು ಬೆತ್ತದ ತುದಿಯಿಂದ ತೋರಿಸಿದ್ದರೇ ಹೊರತು ಅದರ ಮೀನಿನ ರುಚಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಪಾಪ, ಅವರೂ ತಿಂದಿರಲಿಕ್ಕಿಲ್ಲ. ನಮಗೆ ಮೀನೆಂದರೆ ಕೆರೆಯದು, ನಾಲೆಯದು, ಹೊಳೆಯದು.

ಹೀಗಿದ್ದೂ ನಮ್ಮ ಕುಟುಂಬದಲ್ಲಿ ಮೀನಿನ ವಿಚಾರ ಬಂದರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಆಪಾಳ ಮಗ ಫೋನ್ ಮಾಡಿದ. ಅವನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆ ಒಂದೇ ಮನೆಯಲ್ಲಿ ಇಬ್ಬರಿದ್ದಾರೆ, ಒಬ್ಬ ಮದ್ದೂರಿನ ಗೌಡರ ಹುಡುಗ, ಇನ್ನೊಬ್ಬ ಉಳ್ಳಾಲದ ಬ್ಯಾರಿ. ಮದ್ದೂರಿನವನಿಗೆ ಬಡ್ತಿ ಸಿಕ್ಕಿತ್ತು, ಊಟ ಕೊಡಿಸಬೇಕಿತ್ತು. "ಮಾಮೂ, ಮೂವರೂ ಒಂದೇ ತಟ್ಟೆಗೆ ಕೈ ಹಾಕುವ ಹಾಗಿರಬೇಕು. ಒಳ್ಳೇ ಮೀನು ಎಲ್ಲಿ ಸಿಗುತ್ತೆ? ಸುಶಿ ಆದರೆ ಇನ್ನೂ ಚೆನ್ನ" ಎಂದ.

ಒಂದೇ ತಟ್ಟೆ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕೋಳಿ, ಕುರಿ ಎಂದರೆ ಯಾರು ಕೊಯ್ದದ್ದು, ಹೇಗೆ ಕೊಯ್ದದ್ದು ಎಂಬ ಪ್ರಶ್ನೆ ಏಳುತ್ತದೆ. ಮೀನಿಗೆ ಆ ಪ್ರಶ್ನೆ ಇಲ್ಲ. ಅದನ್ನು ಜಬಹ್ ಮಾಡಬೇಕಾಗಿಲ್ಲ. ಬೆಸ್ತರವನು ಹಿಡಿದರೂ ಸರಿ, ಬ್ಯಾರಿ ಹಿಡಿದರೂ ಸರಿ. ಗೌಡರ ಅಡುಗೆಮನೆಯಲ್ಲಿ ಬೆಂದ ಮೀನನ್ನು ನನ್ನ ಅಬ್ಬಾ ಯಾವ ಅಳುಕೂ ಇಲ್ಲದೆ ಉಂಡು, ಮೂಳೆಗಳನ್ನು ಎಲೆಯ ಅಂಚಿಗೆ ಸಾಲಾಗಿ ಇಟ್ಟು ಏಳುತ್ತಿದ್ದರು.

ನಮ್ಮ ಕಡೆಯ ಮೀನಿನ ಕಥೆ ನೀರಿನ ಕಥೆಯೇ. ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ನಿಲ್ಲಿಸಿದರೆಂದರೆ ಹುಡುಗರಿಗೆ ಹಬ್ಬ. ತೂಬಿನ ಬುಡದಲ್ಲಿ, ಸೇತುವೆಯ ಕೆಳಗೆ ಗುಂಡಿಗಳಲ್ಲಿ ಮೀನು ಉಳಿಯುತ್ತಿದ್ದವು. ಪಂಚೆ, ಹಳೇ ಸೀರೆ, ಕೈಗೆ ಸಿಕ್ಕಿದ್ದೆಲ್ಲ ಬಲೆಯೇ. ಹೆಚ್ಚಾಗಿ ಸಿಗುತ್ತಿದ್ದದ್ದು ಜಿಲೇಬಿ. ಆಫ್ರಿಕಾದ ಈ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಈಗ ನಮ್ಮ ಯಾವ ಕೆರೆಯಲ್ಲಿ ಬಲೆ ಬೀಸಿದರೂ ಮೊದಲು ಬರುವುದು ಅದೇ. ಕಾಟ್ಲಾ, ರೋಹು, ಗೆಂಡೆ ಮೀನುಗಳು ಕೆರೆಗೆ ಮರಿ ಬಿಟ್ಟು ಬೆಳೆಸುವಂಥವು. ಕೊರಮೀನಿಗೆ ಬೆಲೆಯೂ ಹೆಚ್ಚು, ಮರ್ಯಾದೆಯೂ ಹೆಚ್ಚು, ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಅದೇ ಬೇಕು. ಇನ್ನು ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ಮಡುಗಳಲ್ಲಿ ಬಿಳಿಮೀನು ಇತ್ತು. ಇಂಗ್ಲಿಷಿನವರು ಮಹಶೀರ್ ಎಂದು ಕರೆದು, ಗಾಳ ಹಾಕಿ ಎಳೆದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಮೀನು. ಕಾವೇರಿಯ ಆ ಗೂನುಬೆನ್ನಿನ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅದನ್ನು ತಿನ್ನುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ನನ್ನ ದಾದಿ ಮೀನು ಕೊಳ್ಳುತ್ತಿದ್ದ ರೀತಿ ಬೇರೆ. ನೀರಿನ ಮೇಲೆ ಹೊಟ್ಟೆ ಮೇಲಾಗಿ ತೇಲಿದ ಮೀನು ನಮ್ಮ ಹನಫಿ ಮಜಹಬಿನಲ್ಲಿ ನಿಷಿದ್ಧ. ತಾನಾಗಿ ಸತ್ತದ್ದು ಎಂದು ಲೆಕ್ಕ. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಈ ಮಸಲಾ ಮಾತ್ರ ಗೊತ್ತಿತ್ತು. ಮೀನಿನವಳು ಬುಟ್ಟಿ ಇಳಿಸಿದ ಕೂಡಲೇ ಕಿವಿರು ಎತ್ತಿ ನೋಡುತ್ತಿದ್ದಳು, ಹೆಬ್ಬೆರಳಿನಲ್ಲಿ ಬೆನ್ನು ಒತ್ತಿ ನೋಡುತ್ತಿದ್ದಳು. ಕಿವಿರು ಕೆಂಪಗಿರಬೇಕು, ಒತ್ತಿದ ಗುಳಿ ಕೂಡಲೇ ಮೇಲೇಳಬೇಕು, ಕಣ್ಣು ಉಬ್ಬಿ ಹೊಳೆಯಬೇಕು. "ಏನವ್ವ ಸಾಬರಮ್ಮ, ಹೆಣ್ಣು ನೋಡಕ್ಕೆ ಬಂದವ್ರಂಗೆ ನೋಡ್ತೀಯಲ್ಲ" ಎಂದು ಮೀನಿನವಳು ರೇಗುತ್ತಿದ್ದಳು. ಇವತ್ತು ಬೆಂಗಳೂರಿನಲ್ಲಿ ಮೀನು ಕೊಳ್ಳುವವರಿಗೂ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಿಲ್ಲ.

ಆದರೆ ಮೂವರ ತಟ್ಟೆ ನಾನು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೈಸೂರು, ಮಂಡ್ಯ ಕಡೆಯ ನಾವು ದಖನಿ ಮಾತಾಡುವ ಹನಫಿಗಳು. ನೀರಿನ ಜೀವಿಗಳಲ್ಲಿ ನಮಗೆ ಮೀನಷ್ಟೇ ಸಲ್ಲುತ್ತದೆ. ಸಿಗಡಿ ಮೀನೋ ಅಲ್ಲವೋ ಎಂದು ನಮ್ಮ ಉಲೇಮಾಗಳ ನಡುವೆಯೇ ವಾದವಿದೆ. ಹಾಗಾಗಿ ಒಂದೇ ಬೀದಿಯಲ್ಲಿ ತಿನ್ನುವ ಮನೆಯೂ ಇದೆ, ತಿನ್ನದ ಮನೆಯೂ ಇದೆ. ಏಡಿಯಂತೂ ಇಲ್ಲವೇ ಇಲ್ಲ. ಕರಾವಳಿಯ ಬ್ಯಾರಿಗಳು ಶಾಫಿಗಳು. ಮರುವಾಯಿ, ಬೊಂಡಾಸ್ ಎಲ್ಲ ಅವರ ಮನೆಯ ಮಾಮೂಲಿ ಊಟ. ಇತ್ತ ಮದ್ದೂರಿನ ಹುಡುಗನ ಮನೆಯಲ್ಲಿ ಗದ್ದೆಯ ಬದುವಿನ ಏಡಿ ಹಿಡಿದು, ಕುಟ್ಟಿ, ಸೋಸಿ ಸಾರು ಮಾಡುತ್ತಾರೆ. ಶೀತಕ್ಕೆ ಅದಕ್ಕಿಂತ ಮದ್ದಿಲ್ಲ ಎನ್ನುವ ಜನ. ಏಡಿಯ ವಿಷಯದಲ್ಲಿ ಉಳ್ಳಾಲದ ಮುಸಲ್ಮಾನನೂ ಮದ್ದೂರಿನ ಗೌಡನೂ ಒಂದು ಪಕ್ಷವಾದರು, ನನ್ನ ಅಳಿಯ ಒಬ್ಬನೇ ಇನ್ನೊಂದು ಪಕ್ಷ! ಮುಸಲ್ಮಾನರೆಲ್ಲ ಒಂದೇ ಅಚ್ಚಿನವರು ಎಂದು ಭಾಷಣ ಮಾಡುವವರನ್ನು ಒಂದು ದಿನ ಮಂಗಳೂರಿನ ಮೀನಿನ ಹೋಟೆಲಿಗೆ ಕರೆದೊಯ್ಯಬೇಕು ಅನ್ನಿಸುತ್ತದೆ.

ತಟ್ಟೆಯ ಮಾತು ಬಂದಾಗ 2022ರ ಯುಗಾದಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ. ಯುಗಾದಿಯ ಮಾರನೆಯ ದಿನ ನಮ್ಮ ಸೀಮೆಯಲ್ಲಿ ಹೊಸತೊಡಕು. ಹಿಂದಿನ ದಿನ ಬೇವು ಬೆಲ್ಲ, ಹೋಳಿಗೆ. ಅವತ್ತು ಬಾಡು. ಹತ್ತಾರು ಮನೆಯವರು ಸೇರಿ ಮರಿ ತಂದು, ಕೊಯ್ಯಿಸಿ, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ನನ್ನ ಚಿಕ್ಕಂದಿನಲ್ಲಿ ನಮ್ಮೂರಿನ ಗುಡ್ಡೆ ಬಾಡಿಗೆ ಮರಿ ಕೊಯ್ಯಲು ಕರೆಯುತ್ತಿದ್ದದ್ದು ನಮ್ಮ ಬೀದಿಯ ಒಬ್ಬ ಸಾಬರನ್ನು. ಅವರಿಗೆ ತಲೆಯೋ ಚರ್ಮವೋ ಸಲ್ಲುತ್ತಿತ್ತು. ಹಾಗೆ ಕೊಯ್ದದ್ದರಿಂದ ಊರಿನ ಸಾಬರೂ ಗೌಡರ ಮನೆಯಲ್ಲಿ ಕೂತು ಉಣ್ಣಬಹುದಿತ್ತು. ಅದನ್ನು ಸೌಹಾರ್ದ ಎಂದು ಯಾರೂ ಕರೆಯುತ್ತಿರಲಿಲ್ಲ, ಊಟ ಎನ್ನುತ್ತಿದ್ದರು. 2022ರ ಆ ಹೊಸತೊಡಕಿಗೆ ಮುಂಚೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ರಾಜ್ಯದ ತುಂಬ ಎದ್ದಿತು. ಟೀವಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಅದೇ.

ನನ್ನ ಹೈಸ್ಕೂಲಿನ ಗೆಳೆಯನೊಬ್ಬ ಪ್ರತಿವರ್ಷ ನಮ್ಮನ್ನು ಹೊಸತೊಡಕಿಗೆ ಕರೆಯುವವನು. ಆ ವರ್ಷ ಎರಡು ದಿನ ಮೊದಲೇ ಬರುತ್ತಿದ್ದ ಫೋನ್ ಬರಲಿಲ್ಲ. ನನ್ನ ಹೆಂಡತಿ ಏನೂ ಕೇಳದೆ ಹೊಸತೊಡಕಿನ ಬೆಳಿಗ್ಗೆ ಮನೆಯಲ್ಲೇ ಬೇಳೆ ಬೇಯಿಸಲು ಇಟ್ಟಳು. ಹನ್ನೊಂದು ಗಂಟೆಗೆ ಫೋನ್ ಬಂತು. "ಈ ಸಲ ಬಾಡ್ ಮಾಡ್ಸಿಲ್ಲ ಕನ್ಲಾ, ಮೀನ್ ಮಾಡ್ಸಿವ್ನಿ. ಹೆಂಡ್ರು ಮಕ್ಳ ಕರ್ಕಂಡ್ ಬಾ." ಅಷ್ಟೇ. ಅವನ ತಮ್ಮಂದಿರ ಮನೆಗಳಲ್ಲಿ ಬಾಡು ಬೆಂದಿತ್ತು, ಅದು ಯಾವ ಅಂಗಡಿಯದು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನ ಮನೆಯಲ್ಲಿ ಮಾತ್ರ ದೊಡ್ಡ ಪಾತ್ರೆಯಲ್ಲಿ ಕಾಟ್ಲಾ ಸಾರು, ಹುಣಸೆಹುಳಿ ಮುಂದಾಗಿ, ಮೆಂತ್ಯದ ಘಮ ಹಿಂದಾಗಿ. ಮುದ್ದೆ ಮುರಿದು ಅದ್ದಿಕೊಂಡು ಉಂಡೆವು. ಹೊಸತೊಡಕಿಗೆ ಮೀನು ಮಾಡಿದವನೆಂದು ಅವನನ್ನು ಅವರ ಬೀದಿಯವರು ಬಹಳ ದಿನ ಆಡಿಕೊಂಡರಂತೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೆಂದು ದೊಡ್ಡ ಜಗ್ಗಾಟವೇ ಆಯಿತಲ್ಲ, ಆಗ ಇವನಿಗೆ ಫೋನ್ ಮಾಡಿ "ಮೀನು ಸಾರು ಕಳಿಸ್ತೀಯೇನೋ" ಎಂದು ಛೇಡಿಸಿದ್ದೆ.

ಸರಿ, ಬೆಂಗಳೂರಿಗೆ ಬರೋಣ. ಅಲ್ಲಿಯ ಕಡಲ ಮೀನು ಕರಾವಳಿಯಿಂದ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ರಾತ್ರಿಯಿಡೀ ಘಾಟಿ ಹತ್ತಿ ಬರುವಂಥದು. ಹಾಗಾಗಿ ಹೋಟೆಲಿನ ಹೆಸರಿಗಿಂತ ಮೊದಲು ತಿಂಗಳು ನೋಡಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ದಿನಗಳಲ್ಲಿ 'ತಾಜಾ ಅಂಜಲ್' ಎಂದು ಯಾರಾದರೂ ಬಡಿಸಿದರೆ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನಿನ ಮೊದಲ ಎರಡು ವಾರ ಎರಡೂ ಕಡೆ ಬಂದ್. ಆಗ ಕೆರೆ ಮೀನೇ ವಾಸಿ.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಇದೆ. 1927ರ ಕಟ್ಟಡ, ಸುತ್ತಮುತ್ತ ನಮ್ಮ ದಖನಿ ಮಾತೇ ಕೇಳಿಸುವುದರಿಂದ ಚೌಕಾಸಿಗೂ ಅನುಕೂಲ. ಬೆಳಿಗ್ಗೆ ಬೇಗ ಹೋಗಬೇಕು. ಕೂತು ಉಣ್ಣಲು ಊರಿನ ತುಂಬ ಮಂಗಳೂರು ಕಡೆಯವರ ಸಣ್ಣ ಹೋಟೆಲುಗಳಿವೆ. ಮಧ್ಯಾಹ್ನದ ಕುಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ರವೆ ಹಚ್ಚಿ ಕರಿದ ಕಾಣೆ ಸಿಕ್ಕಿದರೆ ನನಗೆ ಬೇರೇನೂ ಬೇಡ. ಹಣವಿರುವವರಿಗೆ ರೆಸಿಡೆನ್ಸಿ ರಸ್ತೆಯಲ್ಲಿ 1990ರಲ್ಲಿ ಶುರುವಾದ ಕರಾವಳಿ ಇದೆ, ಕಡಲ ತೀರದ ಮನೆ ಅಡುಗೆಯನ್ನು ದೊಡ್ಡ ಹೋಟೆಲಿನ ಮೇಜಿಗೆ ತಂದ ಹೆಸರು ಅದರದು.

ಸುಶಿಯ ವಿಚಾರ ಕೇಳಿದಾಗ ಮೊದಲು ನನಗೆ ನೆನಪಾದದ್ದು ಬಿಡದಿ. ಬೆಂಗಳೂರಿನಿಂದ ಮಂಡ್ಯಕ್ಕೆ ಬರುವ ದಾರಿಯಲ್ಲೇ ಟೊಯೊಟಾ ಕಾರ್ಖಾನೆ ಇದೆ, ಮೊದಲ ವಾಹನ ಹೊರಬಂದದ್ದು 1999ರಲ್ಲಿ. ಕಾರ್ಖಾನೆಗಳ ಜೊತೆ ಜಪಾನೀಯರು ಬಂದರು, ಅವರ ಹಿಂದೆ ಅವರ ಊಟವೂ ಬಂತು. ಈಗ ಬೆಂಗಳೂರಿನ ದೊಡ್ಡ ಬಡಾವಣೆಗಳಲ್ಲೆಲ್ಲ ಸುಶಿ ಸಿಗುತ್ತದೆ.

ಹಸಿ ಮೀನೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಸುಶಿ ಹುಟ್ಟಿದ್ದು ಸಮುದ್ರದಲ್ಲಲ್ಲ, ನಮ್ಮಂಥದೇ ಗದ್ದೆ ಬಯಲಿನಲ್ಲಿ. ಮೆಕಾಂಗ್ ನದಿಯ ಕಡೆಯ ಭತ್ತದ ರೈತರು ಸಿಹಿನೀರಿನ ಮೀನಿಗೆ ಉಪ್ಪು ಹಚ್ಚಿ, ಅನ್ನದಲ್ಲಿ ಹೂತು, ತಿಂಗಳುಗಟ್ಟಲೆ ಹುಳಿ ಬರಿಸಿ ಇಡುತ್ತಿದ್ದದ್ದೇ ಅದರ ಮೂಲ ಎಂದು ಬಲ್ಲವರು ಹೇಳುತ್ತಾರೆ. ಜಪಾನಿನ ಬಿವಾ ಸರೋವರದ ಬಳಿ ಗೆಂಡೆ ಜಾತಿಯ ಮೀನಿನಿಂದ ಫುನಾಜುಶಿ ಎಂದು ಇವತ್ತಿಗೂ ಹಾಗೆ ಮಾಡುತ್ತಾರೆ. ಹುಳಿ ಅನ್ನದ ಮೇಲೆ ಮೀನಿನ ತುಂಡಿಟ್ಟು ಒತ್ತಿ ಕೊಡುವ ಪದ್ಧತಿ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಈಗಿನ ಟೋಕಿಯೋದಲ್ಲಿ. ಅದೂ ರಸ್ತೆಬದಿಯ ತಿಂಡಿಯಾಗಿ, ನಮ್ಮ ಮದ್ದೂರು ವಡೆಯ ಹಾಗೆ. ಕೈಯಲ್ಲೇ ತಿನ್ನುವುದು ಸಂಪ್ರದಾಯ, ಕಡ್ಡಿಗೆ ಹೆದರಬೇಕಾಗಿಲ್ಲ.

ಆದರೆ ನಮ್ಮ ನಾಲೆಯ ಜಿಲೇಬಿಯನ್ನು ಹಸಿಯಾಗಿ ಕೊಯ್ದು ತಿನ್ನುವ ಸಾಹಸ ಬೇಡ. ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಹೊಟ್ಟೆಗೆ ಇಳಿಯುವ ಹುಳುಗಳಿರುತ್ತವೆ, ಬೇಯಿಸಿದರೆ ಸಾಯುತ್ತವೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ತವರಿಗೆ ಬಂದ ಮಗಳೆಂದು ಊರವರು ನೋಡಿಕೊಳ್ಳುವ ಹೆಜ್ಜಾರ್ಲೆಗಳು 2017ರ ಕೊನೆಯಲ್ಲಿ ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಮೀನಿನಿಂದ ಸೇರಿದ ದುಂಡುಹುಳುಗಳು. ಸುಶಿಯ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಇಂಥ ಹುಳು ಉಳಿಯುವುದಿಲ್ಲ. ಆದ್ದರಿಂದ ಸುಶಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ "ಇವತ್ತು ಹಿಡಿದದ್ದೇ?" ಎಂದಲ್ಲ, "ಎಷ್ಟು ದಿನ ಹೆಪ್ಪುಗಟ್ಟಿಸಿದ್ದೀರಿ?" ಎಂದು. ನನ್ನ ದಾದಿ ಬದುಕಿದ್ದರೆ ಈ ಪ್ರಶ್ನೆಗೆ ಎದ್ದು ಹೊರಟೇಹೋಗುತ್ತಿದ್ದಳು.

ಅಳಿಯನಿಗೆ ಇನ್ನೆರಡು ವಿಷಯ ಹೇಳಿಕೊಟ್ಟೆ. ಅನ್ನಕ್ಕೆ ಹಾಕುವುದು ಸಿರ್ಕಾ, ಸಕ್ಕರೆ, ಉಪ್ಪು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಾವುಮೀನಿಗೆ ಬಳಿಯುವ ಸಿಹಿ ರಸದಲ್ಲಿ ಮಿರಿನ್ ಎಂಬ ಅಕ್ಕಿ ಮದ್ಯ ಇರುತ್ತದೆ, ಕೆಲವರು ಅನ್ನಕ್ಕೂ ಹಾಕುತ್ತಾರೆ. ಮೊದಲೇ ಫೋನ್ ಮಾಡಿ ಕೇಳಬೇಕು. ಎರಡನೆಯದು, ಅಗ್ಗದ ಸುಶಿಯಲ್ಲಿ ಏಡಿ ಎಂದು ಇಡುವ ಕೆಂಪು ಬಿಳಿ ಕಡ್ಡಿ ಹೆಚ್ಚಾಗಿ ಏಡಿಯೇ ಅಲ್ಲ. ಮೀನನ್ನು ರುಬ್ಬಿ, ಏಡಿಯ ವಾಸನೆ ಸೇರಿಸಿ, ಬಣ್ಣ ಹಚ್ಚಿದ್ದು. ವಾಸನೆಗೆ ನಿಜವಾದ ಏಡಿಯ ರಸ ಹಾಕಿದ್ದರೆ ಏನು ಮಾಡುವುದು ಎಂದು ಅಳಿಯ ಕೇಳಿದ. ಅದಕ್ಕೆ ಮುಫ್ತಿ ಸಾಹೇಬರನ್ನೇ ಕೇಳು ಎಂದೆ.

ಮೂವರೂ ಹೋಗಿ ಬಂದರು. ಅಡುಗೆಯವನು ತಾಳ್ಮೆಯಿಂದ ಉತ್ತರ ಕೊಟ್ಟನಂತೆ, ಮಿರಿನ್ ಇಲ್ಲದ್ದನ್ನು ಬೇರೆ ಇಟ್ಟನಂತೆ. ನಾರ್ವೆಯಿಂದ ಬಂದ ಸಾಲ್ಮನ್, ಸೌತೆಕಾಯಿಯ ಸುರುಳಿ ಮೂವರಿಗೂ ನಡುವೆ, ಏಡಿಯದು ಇಬ್ಬರಿಗೆ. ಹಸಿರು ವಸಾಬಿಯನ್ನು ಮದ್ದೂರಿನವನು ಪುದೀನ ಚಟ್ನಿಯಂತೆ ಪೂರ್ತಿ ಬಾಯಿಗೆ ಹಾಕಿಕೊಂಡು ಹತ್ತು ನಿಮಿಷ ಮಾತಾಡಲಿಲ್ಲವಂತೆ. ಹೊಟ್ಟೆ ತುಂಬಲಿಲ್ಲ ಎಂದು ಮನೆಗೆ ಬಂದು ಮೂವರೂ ಅನ್ನ, ತಿಳಿಸಾರು ಮಾಡಿಕೊಂಡು ಉಂಡರು.

ಮುಂದಿನ ಊಟ ಉಳ್ಳಾಲದವನದು. ಬೋಟುಗಳು ನೀರಿಗಿಳಿಯಲಿ, ಆಗಸ್ಟ್ ಅರ್ಧ ಕಳೆಯಲಿ, ಆಮೇಲೆ ನಮ್ಮ ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ನನ್ನನ್ನೂ ಕರೆದಿದ್ದಾನೆ.