ಸಲಹೆಗೂ ಒಂದು ಸೀಮೆ ಉಂಟು

ಗಿಡ ಕೇಳಿದರೆ ಇಲ್ಲ ಎನ್ನುವವರುಂಟು. ಗಿಡ ಬೆಳೆಸುವ ಸಲಹೆ ಕೇಳಿದರೆ ಇಲ್ಲ ಎಂದವರನ್ನು ನಾನಿನ್ನೂ ಕಂಡಿಲ್ಲ. ಕೇಳದಿದ್ದರೂ ಕೊಡುತ್ತಾರೆ. ಈಗಂತೂ ಸಲಹೆ ಬೆಂಗಳೂರಿನಿಂದ ನೇರ ಮೊಬೈಲಿಗೇ ಬಂದಿಳಿಯುತ್ತದೆ: ಗುಲಾಬಿಗೆ ಆರು ತಾಸು ಬಿಸಿಲು ಬೇಕಂತೆ. ಬಿಸಿಲಿಗೇನು ಬರವೇ ನಮ್ಮಲ್ಲಿ! ಆದರೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಕೂತ ಊರಿನ ಆರು ತಾಸೇ ಬೇರೆ, ಬ್ಯಾಸಗಿಯಲ್ಲಿ 40 ಡಿಗ್ರಿ ಮುಟ್ಟುವ ಕುಷ್ಟಗಿಯ ಆರು ತಾಸೇ ಬೇರೆ. ಇಲ್ಲಿ ಗುಲಾಬಿಗೆ ಬೆಳಗಿನ ಎಳೆಬಿಸಿಲು ಸಾಕು. ಹನ್ನೊಂದರ ಮೇಲೆ ಹಳೇ ಸೀರೆಯನ್ನಾದರೂ ಅಡ್ಡ ಕಟ್ಟಬೇಕು, ಇಲ್ಲವಾದರೆ ತಾರಸಿಯ ಕುಂಡದಲ್ಲಿ ಬೇರು ಬೇಯುತ್ತದೆ.

ಹಾಗಂತ ‘ಕೊಪ್ಪಳ ಜಿಲ್ಲೆಗೆ’ ಅಂತ ಒಂದೇ ಸಲಹೆ ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 1997ರಲ್ಲಿ ರಾಯಚೂರಿನಿಂದ ಜಿಲ್ಲೆ ಬೇರೆ ಮಾಡಿದವರು ಮಣ್ಣು ನೋಡಿ ಗೆರೆ ಎಳೆದದ್ದಲ್ಲವಲ್ಲ. ಯಲಬುರ್ಗಾದ ಎರಿಹೊಲಕ್ಕೆ ಮಳೆಯಾದಾಗ ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಅದೇ ನೆಲ ಶಿವರಾತ್ರಿ ಕಳೆದ ಮೇಲೆ ಅಂಗೈ ತೂರುವಷ್ಟು ಬಿರಿಯುತ್ತದೆ, ಬಿರಿಯುವಾಗ ಎಳೆಬೇರನ್ನೂ ಹರಿಯುತ್ತದೆ. ಮಸಾರಿಯಲ್ಲಿ ಹಾಗಿಲ್ಲ, ಹೊಯ್ದ ನೀರು ಹೊತ್ತು ಮುಳುಗುವುದರೊಳಗೆ ಮಾಯ. ‘ದಿನಾ ನೀರು ಹಾಕಿ’ ಎಂಬ ಮಾತು ಮಸಾರಿಯ ಮಲ್ಲಿಗೆಯನ್ನು ಉಳಿಸೀತು, ಎರಿಯ ಮಲ್ಲಿಗೆಯನ್ನು ಕೊಳೆಸೀತು.

ಗಂಗಾವತಿಯವರ ಪಾಡೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಭತ್ತ ಕೊಟ್ಟಿತು, ಜೊತೆಗೆ ಎಷ್ಟೋ ಕಡೆ ಸವಳು-ಜವಳನ್ನೂ ಕೊಟ್ಟಿತು. ಅಂಥ ನೆಲದ ಹಿತ್ತಲಿನಲ್ಲಿ ನೀರು ಹಾಕುವುದಕ್ಕಿಂತ ಅದು ಬಸಿದು ಹೋಗಲು ದಾರಿ ಮಾಡುವುದೇ ದೊಡ್ಡ ಕೆಲಸ. ಏರುಮಡಿ ಮಾಡದೆ ನುಗ್ಗೆ ನೆಟ್ಟರೆ ಅದು ನಿಂತ ನೀರಿನಲ್ಲೇ ಹಳದಿಯಾಗುತ್ತದೆ.

ಇನ್ನು ನೀರಿನ ಮಾತು. ನಮ್ಮ ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದರಿಂದ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ಮನೆಯಲ್ಲೂ ಫಿಲ್ಟರ್ ಇದೆ. ಅದರಿಂದ ಹೊರಬೀಳುವ ನೀರನ್ನು ಚೆಲ್ಲಬೇಡಿ, ಗಿಡಕ್ಕೆ ಹಾಕಿ ಎನ್ನುತ್ತಾರೆ. ನೀರುಳಿಸುವ ಮನಸ್ಸು ಒಳ್ಳೆಯದೇ. ಆದರೆ ಕೊಳವೆಬಾವಿಯ ಸವಳೆಲ್ಲ ಅದರಲ್ಲೇ ಮಡುಗಟ್ಟಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಅಂಗಡಿಯವರು ಅದಕ್ಕೊಂದು ಔಷಧಿ ಕೊಡುತ್ತಾರೆ, ರೋಗ ಗಿಡದ್ದೆಂದು ತಿಳಿದು!

ನೆಲ-ನೀರಿನಂತೆ ಕಾಲವನ್ನೂ ನೋಡಬೇಕೆಂಬುದನ್ನು ದಾಳಿಂಬೆ ಬೆಳೆದವರು ದೊಡ್ಡ ಬೆಲೆ ತೆತ್ತು ಕಲಿತರು. ಕುಷ್ಟಗಿಯ ಒಣಹವೆ ಅದಕ್ಕೆ ಒಗ್ಗಿತ್ತು. ಆದರೆ ದುಂಡಾಣು ಅಂಗಮಾರಿ ಬಂದು ತೋಟಕ್ಕೆ ತೋಟವನ್ನೇ ಕಿತ್ತು ಹಾಕಿಸಿತು. ಮಳೆಗಾಲದಲ್ಲಿ ಕಾಯಿ ಹಿಡಿಸಿದರೆ ಈ ರೋಗಕ್ಕೆ ಹಬ್ಬ. ಅದಕ್ಕೇ ಮಳೆಗಾಲದ ಫಸಲಾದ ಮೃಗ ಬಹಾರ್ ಬಿಟ್ಟು ಮಳೆ ಇಳಿದ ಮೇಲಿನ ಹಸ್ತ ಬಹಾರ್ ಹಿಡಿಯಿರಿ ಎಂದು ತಜ್ಞರು ಹೇಳಿದ್ದು. ಗಿಡ ಅದೇ, ಗೊಬ್ಬರ ಅದೇ, ಬದಲಾದದ್ದು ಚಾಟಣಿಯ ಕಾಲ ಮಾತ್ರ.

ಆದ್ದರಿಂದ ನನ್ನ ಸಲಹೆಯನ್ನೂ ಹಾಗೇ ನಂಬಬೇಡಿ. ಒಂದು ಚೀಲ ಮಣ್ಣು, ಒಂದು ಬಾಟಲಿ ನೀರು ತೆಗೆದುಕೊಂಡು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಮುನಿರಾಬಾದಿನ ತೋಟಗಾರಿಕೆ ಕಾಲೇಜಿಗೋ ಹೋಗಿ ವಿಚಾರಿಸಿ. ಸಸಿ ತರುವುದು ಆಮೇಲಿರಲಿ.